ಕೂಸು ಆಡಿಸುವ ಕೂಲಿ

ಗುಬ್ಬಿ
೧೭ ಅಕ್ಟೋಬರ್ ೧೯೯೮, ಶನಿವಾರ

ಚಿರಂಜೀವಿ ರವೀಶನಿಗೆ ನಿನ್ನ ತಾಯಿ ಸಿದ್ದಲಕ್ಷ್ಮಮ್ಮ ಮಾಡುವ ಆಶೀರ್ವಾದ.

ನಾವು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮವೆಂದು ನಂಬಿದ್ದೇವೆ ಎಂದು ಬರೆಯುವುದು ವಾಡಿಕೆ. ನಿಮ್ಮಪ್ಪ ಕ್ಷೇಮ. ನನ್ನ ಮಂಡಿನೋವೂ ಕ್ಷೇಮವಾಗಿ ಇದ್ದಲ್ಲೇ ಇದೆ. ನೀವು ಕ್ಷೇಮವಾಗಿಲ್ಲ ಎಂದು ನಿನ್ನ ಕಾಗದವೇ ಹೇಳುತ್ತಿದೆ, ಆದ್ದರಿಂದ ಆ ಸಾಲನ್ನು ಅರ್ಧಕ್ಕೇ ಬಿಟ್ಟಿದ್ದೇನೆ.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಅದು ಇಳಿಯಲಿಲ್ಲ. ಇನ್ನೂ ಕಾದರೆ ವನಜಾಕ್ಷಿಯ ರಜೆ ಮುಗಿದುಹೋಗುತ್ತದೆ, ಅದಕ್ಕೆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಇನ್‌ಲ್ಯಾಂಡ್ ಲೆಟರಿನಲ್ಲಿ ಹಿಡಿಸುವಷ್ಟು ಸಿಟ್ಟಲ್ಲ ಇದು. ಅಳತೆ ಬರೆದುಕೊಳ್ಳುವ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡಿದ್ದೇನೆ. ಹಿಂದಿನ ಮಗ್ಗುಲಲ್ಲಿ ಯಾರದಾದರೂ ತೋಳಿನ ಸುತ್ತಳತೆ ಕಂಡರೆ ಕಾಣದವನ ಹಾಗೆ ಇರು.

ನೀನು ಬರೆದಿದ್ದೀಯ: ‘ಅಮ್ಮ, ನೀನು ಸೋಮವಾರ ಬೆಳಿಗ್ಗೆ ಹೇಳದೆ ಕೇಳದೆ ಬ್ಯಾಗ್ ಹಿಡಿದು ಹೊರಟುಬಿಟ್ಟೆ. ವನಜಾಕ್ಷಿ ರಜೆ ಹಾಕಿ ಮಗು ನೋಡಿಕೊಳ್ಳುತ್ತಿದ್ದಾಳೆ. ಇಪ್ಪತ್ತಾರನೇ ತಾರೀಕು ಅವಳು ಡ್ಯೂಟಿಗೆ ಹೋಗದಿದ್ದರೆ ಕೆಲಸ ಹೋಗುತ್ತದೆ, ಪ್ರೊಬೇಷನ್ ಇನ್ನೂ ಮುಗಿದಿಲ್ಲ. ದುಡ್ಡಿನ ವಿಷಯಕ್ಕೆ ನಿನಗೆ ಬೇಜಾರಾಗಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಎಷ್ಟು ಕೊಡಬೇಕು ಅಂತ ಬರೆದುಬಿಡು, ಕೊಡೋಣ.’

ಎಷ್ಟು ಕೊಡಬೇಕು ಅಂತ ಬರೆದುಬಿಡು. ಈ ಸಾಲನ್ನು ನಿಮ್ಮಪ್ಪನಿಗೆ ಎರಡು ಸಲ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಮಗನ ಹತ್ರ ಕೂಲಿ ಕೇಳ್ತಾಳಂತೆ. ಊರೋರು ಕೇಳಿದ್ರೆ ನಗ್ತಾರೆ” ಅಂದರು. ನಾನು, “ಆರು ತಿಂಗ್ಳು ನಾನಿಲ್ದೆ ಬೇರೇರ ಕೈಲಿ ಅನ್ನ ಮಾಡಿಸ್ಕೊಂಡ್ ತಿಂದ್ರಲ್ಲ, ಆ ನರಸಮ್ಮಂಗೆ ತಿಂಗ್ಳಿಗೆ ಇನ್ನೂರು ಎಣಿಸಿ ಕೊಟ್ರಲ್ಲ. ಆವಾಗ ಯಾರೂ ನಗ್ಲಿಲ್ವಾ?” ಅಂದೆ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ನಿಮ್ಮಪ್ಪನಿಗೆ ಉತ್ತರ ಸಿಗದಿದ್ದಾಗ ಊರಲ್ಲೆಲ್ಲೋ ಕೆಲಸವಿರುತ್ತದೆ.

ಕೇಳಿದ್ದೀಯ, ಹೇಳುತ್ತೇನೆ. ಆದರೆ ನನ್ನಿಂದ ಶುರು ಮಾಡುವುದಿಲ್ಲ. ಪುಟ್ಟಗಂಗಮ್ಮನಿಂದ ಶುರು ಮಾಡುತ್ತೇನೆ. ಯಾಕೆಂದರೆ ಈ ತಪ್ಪಿನ ಮೊದಲ ಹೊಲಿಗೆ ಹಾಕಿದವಳು ನಾನೇ.

ಹೋದ ವರ್ಷ ಕಾರ್ತೀಕದಲ್ಲಿ ಯಶಸ್ವಿನಿಗೆ ನಾಲ್ಕು ತಿಂಗಳು ತುಂಬಿದಾಗ ವನಜಾಕ್ಷಿ ಕೆಲಸಕ್ಕೆ ಹೋಗಬೇಕಾಗಿತ್ತು. ಗೂಳೂರಿನಿಂದ ಒಬ್ಬ ಹೆಂಗಸು ಬರುತ್ತಾಳೆ, ಸಂಬಳ ಮಾತಾಡಬೇಕು, ನಮಗೆ ಚೌಕಾಸಿ ಬರಲ್ಲ ಎಂದು ಗಂಡ ಹೆಂಡತಿ ಇಬ್ಬರೂ ನನ್ನನ್ನು ತುಮಕೂರಿಗೆ ಕರೆಸಿಕೊಂಡಿರಿ. ನಾನೂ ಜಂಬದಿಂದ ಬಂದೆ. ಶಿರಾ ಗೇಟಿನ ಆ ಮಹಡಿ ಮನೆಯ ಹಾಲ್‌ನಲ್ಲಿ ನಾವು ಮೂವರೂ ಕುರ್ಚಿಯ ಮೇಲೆ, ಪುಟ್ಟಗಂಗಮ್ಮ ನೆಲದ ಮೇಲೆ. ಅವಳು ಎಂಟುನೂರು ಕೇಳಿದಳು. ನಾನು ಏನಂದೆ, ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಅಕ್ಷರ ಅಕ್ಷರ ನೆನಪಿದೆ.

“ಎಂಟ್ನೂರಾ? ನಿಂಗೇನ್ ಪಾತ್ರೆ ತೊಳೆಯೋದಿದ್ಯಾ, ಬಟ್ಟೆ ಒಗೆಯೋದಿದ್ಯಾ? ಕೂಸು ಆಡ್ಸೋದ್ ತಾನೆ? ಆಟ ಆಡೋದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನೆ?”

ನೀವಿಬ್ಬರೂ ನಕ್ಕಿರಿ. ಅವಳೂ ನಕ್ಕಳು, ಕೆಲಸ ಬೇಕಾಗಿತ್ತಲ್ಲ. “ನೀವೇ ಒಂದಿನ ಆಡ್ಸಿ ನೋಡ್ರಮ್ಮ, ಆಮ್ಯಾಕೆ ಯೋಳಿ” ಅಂದಳು. ನಾನು ಬಿಡಲಿಲ್ಲ. ಎಳೆದು ಎಳೆದು ಐನೂರಕ್ಕೆ ತಂದು ನಿಲ್ಲಿಸಿದೆ. ಅವಳು ಹೋದ ಮೇಲೆ ವನಜಾಕ್ಷಿ, “ಅತ್ತೆ, ನೀವಿಲ್ದಿದ್ರೆ ನಾವು ಎಂಟ್ನೂರಕ್ಕೇ ಒಪ್ಕೊಂಡ್ಬಿಡ್ತಿದ್ವಿ” ಅಂದಳು. ಆ ಮಾತಿಗೆ ಉಬ್ಬಿಕೊಂಡು ಗುಬ್ಬಿ ಬಸ್ ಹತ್ತಿದವಳು ನಾನು.

ನೋಡು, ಆ ಮಾತು ಎಲ್ಲಿಂದ ಬಂತು. ಪಾತ್ರೆಯನ್ನು ತೊಳೆಯುತ್ತೇವೆ, ಬಟ್ಟೆಯನ್ನು ಒಗೆಯುತ್ತೇವೆ, ಹೊಲವನ್ನು ಉಳುತ್ತೇವೆ. ಮಗುವನ್ನು ಮಾತ್ರ ಆಡಿಸುತ್ತೇವೆ. ಆಡಿಸುವುದು ಎಂದು ಹೆಸರಿಟ್ಟ ಮೇಲೆ ಅದಕ್ಕೆ ಕೂಲಿ ಕೇಳಿದವಳೇ ಕಳ್ಳಿ. ನಮ್ಮವರು ಹೆಸರಿಡುವಾಗಲೇ ಬಿಟ್ಟಿ ಮಾಡಿಸಿಕೊಳ್ಳುವ ಹುನ್ನಾರ ಮಾಡಿದ್ದಾರೆ, ನಾನು ಅದನ್ನು ಒಳ್ಳೆಯ ಕತ್ತರಿ ಸಿಕ್ಕಿತು ಎಂದು ಉಪಯೋಗಿಸಿಕೊಂಡೆ.

ಯುಗಾದಿಗೆ ಅವಳು ನೂರು ರೂಪಾಯಿ ಜಾಸ್ತಿ ಮಾಡಿ ಅಂದಳಂತೆ. ನೀವು ಒಂದು ಸೀರೆ ಕೊಟ್ಟಿರಿ. ಮುಂದಿನ ತಿಂಗಳೂ ಅವಳು ಅದನ್ನೇ ಕೇಳಿದಾಗ, ಇವಳ ಕಾಟ ಯಾಕೆ, ಅಮ್ಮ ಇದ್ದಾಳಲ್ಲ ಎಂದು ತಿಂಗಳ ಮಧ್ಯದಲ್ಲೇ ಅವಳನ್ನು ಬಿಡಿಸಿದಿರಿ. ನನಗೆ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ನೀನು, “ಒಂದ್ ತಿಂಗ್ಳ ಮಟ್ಟಿಗೆ ಬಾಮ್ಮ, ಬೇರೆ ಯಾರಾದ್ರೂ ಸಿಗೋವರ್ಗೂ” ಅಂದೆ. ಬಂದೆ. ನೀನು ಬೇರೆ ಯಾರನ್ನೂ ಹುಡುಕಲಿಲ್ಲ. ಹುಡುಕಬೇಕಾಗಿಯೂ ಇರಲಿಲ್ಲ.

ಆಗ ಕುಣಿಗಲ್‌ನಲ್ಲಿರುವ ನಿಮ್ಮತ್ತೆಯನ್ನೂ ಕೇಳಿದ್ದಿರಿ ಎಂದು ನನಗೆ ಆಮೇಲೆ ಗೊತ್ತಾಯಿತು. ಬೀಗಿತ್ತಿ ಮಹಾಲಕ್ಷ್ಮಮ್ಮನವರು, ಹೆಣ್ಣು ಕೊಟ್ಟ ಮನೆಯಲ್ಲಿ ನಾವು ತಿಂಗಳುಗಟ್ಟಲೆ ಅನ್ನ ತಿನ್ನಬಾರದು, ನಮ್ಮಲ್ಲಿ ಪದ್ಧತಿ ಇಲ್ಲ ಎಂದರಂತೆ. ಮೊಮ್ಮಗು ಹುಟ್ಟುವ ತನಕ ತಿನ್ನಬಾರದು ಅಂತ ನಾನು ಕೇಳಿದ್ದೆ. ಕುಣಿಗಲ್ ಕಡೆ ಅದನ್ನು ಮೊಮ್ಮಗುವಿನ ಮದುವೆಯ ತನಕ ಎಳೆದಿರಬೇಕು. ಅವರ ಮೇಲೆ ನನಗೆ ಹೊಟ್ಟೆಕಿಚ್ಚೇ ಹೊರತು ಸಿಟ್ಟಿಲ್ಲ. ಅವರನ್ನು ಕಾಯಲು ಒಂದು ಪದ್ಧತಿ ಇದೆ. ಗಂಡು ಹೆತ್ತವಳನ್ನು ಕಾಯಲು ಯಾವ ಪದ್ಧತಿಯೂ ಇಲ್ಲ.

ತಾನು ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನೆ ಹೇಳುತ್ತಾರೆಯೇ. ಐನೂರಕ್ಕೆ ಇಳಿಸಿದ ಕೆಲಸವನ್ನು ನಾನೇ ಸೊನ್ನೆಗೆ ಮಾಡಿದೆ. ಬೆಳಿಗ್ಗೆ ನೀವಿಬ್ಬರೂ ಒಂಬತ್ತೂವರೆಗೆ ಮೆಟ್ಟಿಲಿಳಿದರೆ ಮತ್ತೆ ಬರುವುದು ಆರೂವರೆಗೆ. ಅಷ್ಟು ಹೊತ್ತೂ ನಾನು ಏನು ಮಾಡುತ್ತಿದ್ದೆ ಎಂದು ನೀನು ಒಂದು ದಿನ ಕೇಳಿದೆಯಾ? ಬಚ್ಚಲಿಗೆ ಹೋಗುವುದನ್ನು ತಡೆದುಕೊಂಡು ಮಗು ಮಲಗುವುದನ್ನೇ ಕಾಯುತ್ತಿದ್ದೆ. ಒಂದು ಬಟ್ಟಲು ರಾಗಿ ಸರಿ ಒಳಗೆ ಹೋಗಬೇಕಾದರೆ ಕಾಗೆ ತೋರಿಸಿ, ಲಾರಿ ತೋರಿಸಿ, ಎದುರು ಮನೆಯ ನಾಯಿ ತೋರಿಸಿ, ಮುಕ್ಕಾಲು ಗಂಟೆ. ನಿಮ್ಮ ಮನೆಯ ಮೆಟ್ಟಿಲಿಗೆ ಬಾಗಿಲಿಲ್ಲ. ಕಣ್ಣು ಮಿಟುಕಿಸಿದರೆ ಅವಳು ಮೆಟ್ಟಿಲ ತುದಿಯಲ್ಲಿ. ಬಿಡುವಿನಲ್ಲಿ ಹೆಮ್ಮಿಂಗ್ ಮಾಡೋಣ, ಹುಕ್ಸ್ ಹಾಕೋಣ ಎಂದು ಹತ್ತು ಬ್ಲೌಸ್ ಕಟ್ಟಿಕೊಂಡು ಬಂದಿದ್ದೆ. ಮಗುವಿರುವ ಮನೆಯಲ್ಲಿ ಸೂಜಿ ಇರಬಾರದು ಎಂದು ಮೊದಲನೆಯ ದಿನವೇ ಬೀರುವಿನ ಮೇಲೆ ಇಟ್ಟೆ. ಅಲ್ಲಿಂದ ಅದು ಕೆಳಗಿಳಿದದ್ದು ನಾನು ಹೊರಟ ದಿನ. ನಾನಿದ್ದೇನೆ ಎಂದು ಅಡುಗೆಯೂ ನಿಧಾನವಾಗಿ ನನ್ನ ಪಾಲಿಗೇ ಬಂತು. ಸಂಜೆ ನೀನು ಬಂದು ಶೂ ಬಿಚ್ಚುತ್ತಾ, “ಇವತ್ತು ಏನ್ ಮಾಡಿದ್ರಿ ಅಜ್ಜಿ ಮೊಮ್ಮಗಳು, ಆಟಾನಾ?” ಅನ್ನುತ್ತಿದ್ದೆ. ಪುಟ್ಟಗಂಗಮ್ಮ ನೆಲದ ಮೇಲೆ ಕೂತು ನಗುತ್ತಿದ್ದದ್ದು ನನಗೆ ಆಗೆಲ್ಲ ಕಾಣಿಸುತ್ತಿತ್ತು.

ಇಲ್ಲಿ ಗುಬ್ಬಿಯಲ್ಲಿ ಏನಾಯಿತು ಎಂದೂ ಕೇಳು. ಇಪ್ಪತ್ತೆರಡು ವರ್ಷದಿಂದ ನನ್ನ ಹತ್ತಿರವೇ ಹೊಲಿಸುತ್ತಿದ್ದ ಮನೆಗಳು ಕಾದು ಕಾದು ಕನಕರಾಜುವಿನ ಅಂಗಡಿಗೆ ಹೋದವು. ಅವನು ಲೇಡೀಸ್ ಟೈಲರ್ ಎಂದು ಬೋರ್ಡ್ ಬೇರೆ ಬರೆಸಿದ್ದಾನೆ. ವಾಪಸ್ ಬಂದ ದಿನ ಮೆಷಿನ್ನಿನ ಮೇಲಿನ ಬಟ್ಟೆ ತೆಗೆದರೆ ಬೆಲ್ಟ್ ಒಣಗಿ ಬಿರಿದಿತ್ತು. ನೀನು ಡಿಗ್ರಿಗೆ ಕಟ್ಟಿದ ಫೀಸು ಈ ಬೆಲ್ಟಿನ ಮೇಲೆ ಸುತ್ತಿ ಬಂದದ್ದು ಎಂದು ನಾನು ಹೇಳುವುದಿಲ್ಲ. ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ.

ಯಾರೋ ಅಳತೆ ಬ್ಲೌಸ್ ಹಿಡಿದು ಬಂದಿದ್ದಾರೆ. ನಾಳೆ ಮುಂದುವರಿಸುತ್ತೇನೆ.

ಭಾನುವಾರ ಬೆಳಿಗ್ಗೆ

ನಾನು ಆ ಸೋಮವಾರ ನೇರವಾಗಿ ಗುಬ್ಬಿಗೆ ಬಂದೆ ಎಂದು ನೀವು ತಿಳಿದಿದ್ದೀರಿ. ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ ನಿಂತಿತ್ತು. ಅದರ ಪಕ್ಕದಲ್ಲೇ ಗೂಳೂರಿನ ಮೇಲೆ ಹೋಗುವ ಕುಣಿಗಲ್ ಬಸ್ಸೂ ನಿಂತಿತ್ತು. ನಾನು ಕುಣಿಗಲ್ ಬಸ್ ಹತ್ತಿ ಗೂಳೂರಿನಲ್ಲಿ ಇಳಿದೆ. ಯಾಕೆ ಹೋದೆ ಎಂದು ಕೇಳಿದರೆ ಒಂದೇ ಉತ್ತರ: ನನ್ನ ಕಷ್ಟ ಗೊತ್ತಿರುವ ಇನ್ನೊಬ್ಬಳು ಈ ಲೋಕದಲ್ಲಿ ಅವಳೊಬ್ಬಳೇ.

ಪುಟ್ಟಗಂಗಮ್ಮ ಜಗಲಿಯ ಮೇಲೆ ಊದುಬತ್ತಿ ಹೊಸೆಯುತ್ತಾ ಕೂತಿದ್ದಳು. ಕೈಯೆಲ್ಲ ಕರಿ. ನನ್ನನ್ನು ನೋಡಿ ಗಾಬರಿಯಾಗಿ, “ಪಾಪುಗೆ ಏನಾಯ್ತ್ರಮ್ಮ?” ಅಂದಳು. ಏನೂ ಆಗಿಲ್ಲ ಅಂದ ಮೇಲೆಯೇ ಚಾಪೆ ಹಾಕಿದ್ದು.

ನಾನು ಕೂತು ಸುತ್ತಿ ಬಳಸದೆ ಹೇಳಿದೆ. “ಅವತ್ತು ನಿನ್ ಸಂಬ್ಳ ಕಡಿಮೆ ಮಾಡ್ಸಿದ್ದು ನಾನು. ಆರು ತಿಂಗ್ಳು ನಾನೇ ಆಡ್ಸಿ ನೋಡ್ದೆ. ಎಂಟ್ನೂರೂ ಕಮ್ಮಿ ಆಯ್ತು ಕಣೆ.”

ಅವಳು ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಎಲ್ರೂ ಪಾಪುನ್ ಬುಟ್ಟು ಬೇಜಾರಾಯ್ತಾ ಅಂತ ಕೇಳ್ತಾರೆ ಕಣ್ರಮ್ಮ. ಪಾಪು ಗ್ಯಾಪ್ಕ ಆಯ್ತದೆ, ಸುಳ್ಯಾಕ್ ಯೋಳ್ಲಿ. ಆದ್ರೆ ನಂಗೆ ಬೇಜಾರಾಗಿದ್ದು ದುಡ್ಡಿಗೇಯ. ನೂರು ರೂಪಾಯ್ ಕೇಳಿದ್ಕೆ ನಿಮ್ ಮಗ, ನಮ್ಮನೇವ್ರ ಥರ ಇದೀಯ, ಹಿಂಗ್ ಕೇಳ್ತೀಯಲ್ಲ ಪುಟ್ಟಗಂಗಮ್ಮ ಅಂದ್ರು. ಮನೇವ್ರ ಥರ ಅಂದ್ಮ್ಯಾಕೆ ನಾನಿನ್ನೇನ್ ಕೇಳಾದು?”

“ಮನೇವ್ರಿಗೂ ಅವ್ನು ಕೊಡಲ್ಲ ಬಿಡೆ” ಅಂದೆ. ಅವಳು ನನ್ನ ಮುಖ ನೋಡಿದಳು, ನನ್ನ ಬ್ಯಾಗ್ ನೋಡಿದಳು. ಆಮೇಲೆ ಇಬ್ಬರೂ ನಕ್ಕೆವು. ಅಷ್ಟು ನಕ್ಕು ಎಷ್ಟೋ ದಿನವಾಗಿತ್ತು.

ಯಶಸ್ವಿನಿ ನಡೆಯುತ್ತಾಳಾ ಎಂದು ಕೇಳಿದಳು. ನಡೆಯುವುದೇನು, ಹೊಸಿಲು ಕಂಡರೆ ಹಾರಲು ಹೋಗುತ್ತಾಳೆ ಅಂದೆ. ಅವಳ ಬಾಯಿ ಜಾರಿತು. “ಅವ್ಳು ಹೊಸ್ಲು ದಾಟಿದ್ ಬೇಸ್ತವಾರ ಕಣ್ರಮ್ಮ, ಭಾನುವಾರ ಅಲ್ಲ” ಅಂದಳು. ನನಗೆ ಅರ್ಥವಾಗಲಿಲ್ಲ. ಬಿಡಿಸಿ ಕೇಳಿದೆ.

ಎಂಟು ತಿಂಗಳ ಮಗು, ವನಜಾಕ್ಷಿ ಆಫೀಸಿನಲ್ಲಿದ್ದಾಗ, ಒಂದು ಗುರುವಾರ ಮಧ್ಯಾಹ್ನ ಅಂಬೆಗಾಲಿಟ್ಟುಕೊಂಡು ಬಂದು ಹಾಲ್‌ನ ಹೊಸಿಲು ದಾಟಿದೆ. ಮಗು ಮೊದಲ ಸಲ ಹೊಸಿಲು ದಾಟಿದರೆ ಕಾಯಿ ಒಡೆಯಬೇಕು, ಸಿಹಿ ಮಾಡಬೇಕು, ಅದನ್ನು ತಾಯಿ ನೋಡಬೇಕು. ಪುಟ್ಟಗಂಗಮ್ಮ ಏನು ಮಾಡಿದಳು ಗೊತ್ತೇ? ಯಾರೂ ನೋಡಲಿಲ್ಲ ಎಂದುಕೊಂಡು ಮಗುವನ್ನು ಎತ್ತಿ ಮತ್ತೆ ಒಳಗೆ ಬಿಟ್ಟಳು. ಊಟದ ಮಣೆಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿದಳು. ಗುರುವಾರ, ಶುಕ್ರವಾರ, ಶನಿವಾರ, ಮೂರು ದಿನ ಆ ಮಣೆಯನ್ನು ಕಾಯುತ್ತಾ ಅದರ ಪಕ್ಕದಲ್ಲೇ ಕೂತಿದ್ದಳು. ಶನಿವಾರ ಸಂಜೆ ಹೊರಡುವಾಗ ವನಜಾಕ್ಷಿಗೆ, “ನಾಳೆ ಬಾಗ್ಲ ತಾವ ಬುಟ್ಟು ನೋಡ್ರಮ್ಮ, ದಾಟಂಗ್ ಕಾಣ್ತಳೆ” ಎಂದು ಹೇಳಿ ಮಣೆ ಎತ್ತಿಟ್ಟು ಹೋದಳು.

ಆ ಭಾನುವಾರ ವನಜಾಕ್ಷಿ ಬೂತಿಗೆ ಫೋನ್ ಮಾಡಿ, ಅತ್ತೆ, ನನ್ನ ಕಣ್ಣೆದುರಿಗೇ ದಾಟಿದಳು, ಕಾಯಿ ಒಡೆದೆ ಎಂದು ಅಳುತ್ತಾ ನಗುತ್ತಾ ಹೇಳಿದ್ದಳು. ಇದನ್ನು ಅವಳಿಗೆ ಓದಿ ಹೇಳಬೇಡ. ಅವಳು ಒಡೆದ ಕಾಯಿ ಅವಳದೇ ಆಗಿರಲಿ. ಆದರೆ ನೀನು ಓದು. ಇದಕ್ಕೆ ತಿಂಗಳಿಗೆ ಐನೂರು ಕೊಟ್ಟೆವು, ನೂರು ಜಾಸ್ತಿ ಕೇಳಿದ್ದಕ್ಕೆ ಬಿಡಿಸಿದೆವು.

ನೀನು ಸರ್ಕಾರಿ ಆಫೀಸಿನಲ್ಲಿ ಫೈಲು ನೋಡುವವನು, ನಿನಗೆ ಲೆಕ್ಕ ಬೇಕು. ತಿಂಗಳಿಗೆ ಇಪ್ಪತ್ತಾರು ದಿನ ಎಂದರೆ ಅವಳಿಗೆ ದಿನಕ್ಕೆ ಹತ್ತೊಂಬತ್ತು ರೂಪಾಯಿ ಚಿಲ್ಲರೆ. ಗೂಳೂರಿನಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಶಿರಾ ಗೇಟಿಗೆ, ಹೋಗಿಬರಲು ಎಂಟು ರೂಪಾಯಿ. ಉಳಿದದ್ದು ಹನ್ನೊಂದು. ನಾನು ಒಂದು ಸಾದಾ ಬ್ಲೌಸಿಗೆ ಇಪ್ಪತ್ತೈದು ತೆಗೆದುಕೊಳ್ಳುತ್ತೇನೆ. ದಿನವಿಡೀ ನಿನ್ನ ಮಗಳನ್ನು ಸೊಂಟದ ಮೇಲೆ ಹೊತ್ತವಳಿಗೆ ಅರ್ಧ ಬ್ಲೌಸಿನ ಕೂಲಿಯೂ ದಕ್ಕಲಿಲ್ಲ.

ಹಾಗಾದರೆ ಸರಿಯಾದ ಕೂಲಿ ಎಷ್ಟು? ಬಸ್ಸಿನಲ್ಲಿ ಬರುತ್ತಾ ಅದನ್ನೇ ಯೋಚಿಸಿದೆ. ನಮ್ಮ ಕಸುಬಿನಲ್ಲಿ ರೇಟ್ ಕಟ್ಟುವುದು ಬಟ್ಟೆಯ ಉದ್ದ ನೋಡಿ ಅಲ್ಲ. ಲುಂಗಿ ಎರಡು ಮೀಟರ್ ಇರುತ್ತದೆ, ಅಂಚು ಹೊಲಿದುಕೊಟ್ಟರೆ ಎರಡು ರೂಪಾಯಿ. ಬ್ಲೌಸಿಗೆ ಬಟ್ಟೆ ಮುಕ್ಕಾಲು ಮೀಟರ್, ಅದಕ್ಕೆ ಇಪ್ಪತ್ತೈದು. ಯಾಕೆ? ಲುಂಗಿಯ ಹೊಲಿಗೆ ಸೊಟ್ಟಗಾದರೆ ಯಾರೂ ನೋಡುವುದಿಲ್ಲ. ಬ್ಲೌಸ್ ಕೆಟ್ಟರೆ ಮದುವೆಯ ದಿನ ಹೆಣ್ಣು ಅಳುತ್ತಾಳೆ. ತಪ್ಪಿದರೆ ಏನು ಕೆಡುತ್ತದೆ ಎಂಬುದರ ಮೇಲೆ ಕೂಲಿ. ಮಗು ನೋಡಿಕೊಳ್ಳುವವಳ ಕಣ್ಣು ತಪ್ಪಿದರೆ ಏನು ಕೆಡುತ್ತದೆ ಎಂದು ನೀನೇ ಯೋಚಿಸಿಕೋ, ನನ್ನ ಕೈಯಲ್ಲಿ ಬರೆಸಬೇಡ.

ಇನ್ನೊಂದು ಮಾತು. ಪುಟ್ಟಗಂಗಮ್ಮ ಬಂದರೆ ವನಜಾಕ್ಷಿಗೆ ಮೂರೂವರೆ ಸಾವಿರ ಸಂಬಳ ಇದೆ. ಅವಳು ಬರದಿದ್ದರೆ ಇಲ್ಲ. ಆ ಸಂಬಳವನ್ನು ಇಬ್ಬರು ಹೆಂಗಸರು ಸೇರಿ ದುಡಿಯುತ್ತಿದ್ದಾರೆ, ಒಬ್ಬಳು ಮೇಜಿನ ಮುಂದೆ, ಒಬ್ಬಳು ಮಣೆಯ ಪಕ್ಕ. ಮೂರರಲ್ಲಿ ಒಂದು ಪಾಲು ಕೊಟ್ಟರೆ ನ್ಯಾಯ. ನಾನು ಹೇಳುವುದು ಹನ್ನೆರಡು ನೂರು, ಬಸ್ ಚಾರ್ಜ್ ಬೇರೆ, ಭಾನುವಾರ ರಜೆ. ಹಬ್ಬಕ್ಕೆ ಸೀರೆ ಕೊಡುವುದಾದರೆ ಸಂತೋಷವಾಗಿ ಕೊಡಿ, ಆದರೆ ಸಂಬಳದ ಬಾಯಿ ಮುಚ್ಚಲು ಕೊಡಬೇಡಿ. ನನಗೂ ಗೌರಿ ಹಬ್ಬಕ್ಕೆ ಒಂದು ಸೀರೆ ಕೊಟ್ಟಿರಲ್ಲ, ಅದು ಅದೇ ಅಂಗಡಿಯದು, ಅದೇ ಬಾರ್ಡರ್. ಹೊಲಿಯುವವಳಿಗೆ ಅದು ಕಾಣಿಸುವುದಿಲ್ಲ ಎಂದುಕೊಂಡಿರಾ?

ಮತ್ತೆ, ‘ನಿನ್ನ ಸಂಬಳದಲ್ಲೇ ಕೊಟ್ಟುಕೋ’ ಎಂದು ವನಜಾಕ್ಷಿಗೆ ನೀನು ಅನ್ನುತ್ತಿದ್ದೆ ಎಂದು ಪುಟ್ಟಗಂಗಮ್ಮನೇ ಹೇಳಿದಳು. ಆ ಹುಡುಗಿ ಪ್ರತಿ ತಿಂಗಳೂ ತಲೆ ತಗ್ಗಿಸಿಕೊಂಡು ತನ್ನ ಪರ್ಸಿನಿಂದ ಎಣಿಸಿ ಕೊಡುತ್ತಿದ್ದಳಂತೆ, ಕೆಲಸಕ್ಕೆ ಹೋಗುವುದೇ ತಪ್ಪು ಎನ್ನುವ ಹಾಗೆ. ಮಗು ಅವಳೊಬ್ಬಳದೇ? ಹನ್ನೆರಡು ನೂರರಲ್ಲಿ ಆರುನೂರು ನಿನ್ನ ಜೇಬಿನಿಂದ ಬರಬೇಕು, ಪುಟ್ಟಗಂಗಮ್ಮನ ಕೈಗೆ ನೀನೇ ಕೊಡಬೇಕು. ಸೊಸೆಯ ಪರವಾಗಿ ಮಾತಾಡುತ್ತಿದ್ದೇನೆ ಎಂದು ಆಶ್ಚರ್ಯಪಡಬೇಡ. ನಾನು ಹೊರಟ ದಿನ ಅವಳು ಮಗು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತು, “ನನ್ನಿಂದ ಏನಾದ್ರೂ ತಪ್ಪಾಯ್ತಾ ಅತ್ತೆ?” ಅಂದಳು. ಇಲ್ಲ ಕಣಮ್ಮ ಅಂದೆ. ಅದು ನಿಜ. ಅವಳಿಂದ ತಪ್ಪಾಗಿಲ್ಲ.

ನಾನು ಹೊಡೆದುಹಾಕಿದ ಮುನ್ನೂರು, ಐದೂವರೆ ತಿಂಗಳಿಗೆ, ಸಾವಿರದ ಆರುನೂರ ಐವತ್ತಾಗುತ್ತದೆ. ಅದು ನನ್ನ ಬಾಯಿಯ ಸಾಲ, ನನ್ನ ಮೆಷಿನ್ನಿನಿಂದಲೇ ತೀರಲಿ. ಅವತ್ತು ಬ್ಯಾಗಿನಲ್ಲಿದ್ದ ಇನ್ನೂರು ಅವಳ ಮುಂದೆ ಇಟ್ಟೆ. ಅವಳು ಬೇಡ ಅನ್ನಲಿಲ್ಲ. ಕೈ ಒರೆಸಿಕೊಂಡು, ಎಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ಅದೇ ಹಿಡಿಸಿತು.

ಅವಳು ಮತ್ತೆ ಬರುತ್ತಾಳೋ ಇಲ್ಲವೋ ನಾನು ಮಾತು ಕೊಡಲಾರೆ. ಊದುಬತ್ತಿಯಲ್ಲಿ ಅವಳಿಗೆ ತಿಂಗಳಿಗೆ ಆರುನೂರು ಹುಟ್ಟುತ್ತದೆ, ಜಗಲಿ ಬಿಟ್ಟು ಏಳಬೇಕಾಗಿಲ್ಲ. ನಾನು ಕೇಳಿದ್ದಕ್ಕೆ, “ನೀವ್ ಯೋಳಿದ್ರೆ ನಾನ್ ಬರಾಕಿಲ್ಲ ಕಣ್ರಮ್ಮ. ಬ್ಯಾಡ ಅಂದೋರು ಅವ್ರು, ಅವ್ರೇ ಬಂದ್ ಕರೀಲಿ. ಆವಾಗ್ ನೋಡಾನ” ಅಂದಳು. ನೀನೇ ಹೋಗಬೇಕು. ಸ್ಕೂಟರಿನಲ್ಲಿ ಹಾರನ್ ಹೊಡೆದು ರಸ್ತೆಗೆ ಕರೆಯಬೇಡ. ಜಗಲಿ ಹತ್ತಿ, ಚಾಪೆಯ ಮೇಲೆ ಕೂತು, ಹನ್ನೆರಡು ನೂರು ಎಂದು ನೀನಾಗಿ ಹೇಳು. ಅವಳು ಕೇಳುವ ತನಕ ಕಾಯಬೇಡ. ಕೇಳಿಸಿಕೊಂಡು ಕೊಡುವುದರಲ್ಲಿ ಅರ್ಧ ಕೂಲಿ ಕರಗಿಹೋಗುತ್ತದೆ. ಇಪ್ಪತ್ತಾರಕ್ಕೆ ಇನ್ನು ಎಂಟೇ ದಿನ ಇದೆ. ಈ ಕಾಗದ ಸಿಕ್ಕ ದಿನವೇ ಹೋಗು.

ಈಗ ನನ್ನ ವಿಷಯ. ‘ಎಷ್ಟು ಕೊಡಬೇಕು ಅಂತ ಬರೆದುಬಿಡು’ ಅಂದೆಯಲ್ಲ. ಈ ಮಾತನ್ನು ನೀನು ಏಪ್ರಿಲ್ ತಿಂಗಳಲ್ಲಿ, ನಾನು ಮೆಷಿನ್ನಿಗೆ ಬಟ್ಟೆ ಮುಚ್ಚಿ ಬಂದ ದಿನ ಕೇಳಿದ್ದರೆ, ಥೂ ಹೋಗೋ, ಮೊಮ್ಮಗಳಿಗೆ ಯಾರಾದ್ರೂ ಲೆಕ್ಕ ಹಾಕ್ತಾರೇನೋ ಎಂದು ಬೈದು ಸುಮ್ಮನಾಗುತ್ತಿದ್ದೆ. ಒಂದು ರೂಪಾಯಿ ಮುಟ್ಟುತ್ತಿರಲಿಲ್ಲ. ಆಗ ಕೇಳಲಿಲ್ಲ. ಈಗ, ನಾನಿಲ್ಲದೆ ಕೆಲಸ ಕೆಟ್ಟ ಮೇಲೆ ಕೇಳುತ್ತಿದ್ದೀಯ. ಈಗ ನಾನು ಹೇಳುವ ರೇಟು ನಿನಗೆ ಕಟ್ಟಿಕೊಡಲು ಆಗುವುದಿಲ್ಲ, ಬಿಡು. ನಾನು ಆಡಿಸುವವಳಾಗಿ ಬರುವುದಿಲ್ಲ. ಯಶಸ್ವಿನಿಯ ಅಜ್ಜಿಯಾಗಿ ಬರುತ್ತೇನೆ, ಬೇಕಾದಾಗ, ಭಾನುವಾರ, ಕೊಬ್ಬರಿ ಮಿಠಾಯಿ ಕಟ್ಟಿಸಿಕೊಂಡು, ಸಂಜೆಯ ಬಸ್ಸಿಗೆ ವಾಪಸ್.

ನಿನ್ನ ಮಗಳು ನನ್ನ ನೆನಪಿಗೆ ಬರುವುದಿಲ್ಲ ಎಂದುಕೊಂಡೀಯ. ಮೆಷಿನ್ ತುಳಿಯುವಾಗ ಎಡಗೈ ತಾನಾಗಿ ಪಕ್ಕಕ್ಕೆ ಹೋಗುತ್ತದೆ, ಅವಳು ಎಲ್ಲಿದ್ದಾಳೆ ಎಂದು ತಡಕುತ್ತದೆ. ನಿನ್ನೆ ಹಾಗೆ ಮಾಡಿ ಒಂದು ಬ್ಲೌಸಿನ ಕತ್ತು ಕೆಡಿಸಿದೆ. ಬಿಚ್ಚಿ ಮತ್ತೆ ಹೊಲಿದೆ.

ಹಳೆಯ ಗಿರಾಕಿಗಳಲ್ಲಿ ನಾಲ್ಕು ಮನೆಯವರು ವಾಪಸ್ ಬಂದಿದ್ದಾರೆ. ಕನಕರಾಜು ತೋಳು ಬಿಗಿ ಇಡುತ್ತಾನಂತೆ. ನಿಮ್ಮಪ್ಪ ಹೊಸ ಬೆಲ್ಟ್ ತಂದು, ಯಾರಿಗೂ ಹೇಳದೆ ತಾವೇ ಹಾಕಿದ್ದಾರೆ. ತಿರುವು ಮುರುವು ಹಾಕಿದ್ದರು, ನಾನು ಸರಿಮಾಡಿಕೊಂಡೆ, ಅವರಿಗೆ ಹೇಳಲಿಲ್ಲ.

ವನಜಾಕ್ಷಿಗೆ ನನ್ನ ಆಶೀರ್ವಾದ. ಅವಳು ಕೆಲಸ ಬಿಡಬಾರದು. ಬಿಟ್ಟಳೆಂದು ಕೇಳಿದರೆ ನಾನು ನಿನ್ನ ಜೊತೆ ಮಾತೇ ಬಿಡುತ್ತೇನೆ. ಯಶಸ್ವಿನಿಗೆ ನೂರು ಮುತ್ತು. ಅವಳು ಚೆನ್ನಾಗಿ ಓದಿ, ತನ್ನ ಕೂಲಿಯನ್ನು ತಾನೇ ಹೇಳುವ ಹೆಣ್ಣಾಗಲಿ. ನಿನಗೂ ದೇವರು ಆಯಸ್ಸು ಆರೋಗ್ಯ ಕೊಡಲಿ, ಜೊತೆಗೆ ಒಂದಿಷ್ಟು ಕಿವಿಯನ್ನೂ ಕೊಡಲಿ.

ಇಂತಿ ನಿನ್ನ ತಾಯಿ,
ಸಿದ್ದಲಕ್ಷ್ಮಮ್ಮ

ತಾ.ಕ.: ಕಾಗದ ಮಡಚಿ ಕವರಿಗೆ ಹಾಕಿದವಳು ಮತ್ತೆ ತೆಗೆದಿದ್ದೇನೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಾನು ಹೋದದ್ದು ದುಡ್ಡಿಗೆ ಎಂದೇ ನೀನು ತಿಳಿದುಕೊಂಡರೆ ಅದು ಪುಟ್ಟಗಂಗಮ್ಮನ ಸಿಟ್ಟಾಗುತ್ತದೆ, ನನ್ನದಲ್ಲ.

ನಾನು ಹೊರಡುವ ಹಿಂದಿನ ದಿನ, ಭಾನುವಾರ ಸಂಜೆ, ನಿನ್ನ ಆಫೀಸಿನ ಅಶ್ವಥ್ ಮನೆಗೆ ಬಂದಿದ್ದ. ಅವನ ಹೆಂಡತಿಗೂ ಬಾಣಂತನದ ರಜೆ ಮುಗಿಯುತ್ತಾ ಬಂದಿದೆ. ಮಗು ನೋಡಿಕೊಳ್ಳುವವರಿಗೆ ಎಷ್ಟು ಕೊಡಬೇಕು, ನೀವೆಷ್ಟು ಕೊಡುತ್ತೀರಿ ಎಂದು ನಿನ್ನನ್ನು ಕೇಳಿದ. ನಾನು ಅಡುಗೆಮನೆಯಲ್ಲಿ ನಿಮಗೆ ಕಾಫಿ ಬೆರೆಸುತ್ತಿದ್ದೆ. ನೀನು ಹೇಳಿದೆ: “ನಮ್ದು ಫ್ರೀ ಸರ್ವಿಸ್ ಕಣೋ. ಊರಿಂದ ನಮ್ಮಮ್ಮನ್ನ ಕರೆಸ್ಕೊಂಡ್ಬಿಟ್ವಿ. ಸಂಬ್ಳ ಇಲ್ಲ, ರಜ ಇಲ್ಲ, ಎರಡೊತ್ತು ಊಟ ಹಾಕಿದ್ರೆ ಆಯ್ತು.”

ಅಶ್ವಥ್ ನಕ್ಕನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನೀನು ನಕ್ಕದ್ದು ಕೇಳಿಸಿತು. ಆ ಎರಡು ಹೊತ್ತಿನ ಊಟವನ್ನು ಮಾಡುತ್ತಿದ್ದವಳೂ ನಾನೇ ಎಂಬುದನ್ನು ಬಿಡು. ತಮಾಷೆಗೆ ಅಂದೆ ಎಂದು ನೀನು ಬರೆಯುತ್ತೀಯ, ನಾನೂ ಹಾಗೆಯೇ ಅಂದುಕೊಂಡು ಕಾಫಿ ತಂದೆ. ಮಗು ಸೊಂಟದ ಮೇಲಿತ್ತು, ಇನ್ನೊಂದು ಕೈಯಲ್ಲಿ ತಟ್ಟೆ. ಅಶ್ವಥ್ ನನ್ನನ್ನು ಕಂಡು ಎದ್ದು ನಿಂತ. ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು, “ನೀವ್ ಕೂತ್ಕೊಳ್ಳಿ ಅಮ್ಮ” ಅಂದ. ನೀನು ಕೂತಲ್ಲಿಂದಲೇ ಕೈ ಚಾಚಿದೆ.